ಕೊಪ್ಪಳದಿಂದ ಕರಾವಳಿ ಟೂರ್: ಒಂದೇ ದಿನಕ್ಕೆ ನಾಲ್ಕು ಜಾಗ ಆಗ್ತಾವೇನ್ರೀ?

ಡಿಸೆಂಬರ್‌ನಾಗ ಮನೆಮಂದಿ ಹೊಂಟೀವಿ, ಜೋಡಿ ವಯಸ್ಸಾದವರೂ ಅದಾರ. ಗೋಕರ್ಣ, ಮಿರ್ಜಾನ್ ಕೋಟೆ, ಹೊನ್ನಾವರ ಬೋಟಿಂಗ್, ಮುರ್ಡೇಶ್ವರ ಎಲ್ಲಾ ಗೈಡ್ ಒಂದೇ ದಿನದಾಗ ತೋರಿಸ್ತೀನಿ ಅಂತಾರ.

ಉತ್ತರ: ರಾತ್ರಿ ಹೊರಟರ ಆಗ್ತದ್ರೀ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ದಾರಿ. ವಾಂತಿ ಮಾತ್ರೆ ಘಾಟ್ ಬರೂಕಿಂತ ಅರ್ಧ ತಾಸು ಮೊದಲ ಕೊಡ್ರಿ, ತಿರುವು ಶುರುವಾದ ಮ್ಯಾಲೆ ಕೊಟ್ಟರ ಉಪಯೋಗಿಲ್ಲ. ರಾತ್ರಿ ಗಾಡಿ ಹೊಡೆದ ಡ್ರೈವರೇ ಹಗಲೂ ಹೊಡೀತಾನಂದ್ರ ಆ ಟೂರ್ ಬಿಟ್ಟುಬಿಡ್ರಿ.

ಉತ್ತರ: ಬೋಟಿಂಗ್ ಟೈಮ್ ಮೊದಲು ಗೊತ್ತು ಮಾಡ್ಕೊಳ್ರಿ, ಉಳಿದದ್ದು ಅದರ ಸುತ್ತ. ಉಬ್ಬರದಿಂದ ಇಳಿತಕ್ಕ ಸುಮಾರು 6 ತಾಸು. ನೀರು ಪೂರ್ತಿ ಇಳಿದಾಗ ಶರಾವತಿಯ ಕಾಂಡ್ಲಾ ಗಿಡಗಳ (ಉಪ್ಪುನೀರಿನ ಕೆಸರಿನಾಗ ಬೆಳೆಯೋ ಮ್ಯಾಂಗ್ರೋವ್) ನಡುವಿನ ಸಣ್ಣ ಕಾಲುವೆಯೊಳಗ ಬೋಟ್ ಕೆಸರಿಗೆ ತಾಗ್ತದ, ಒಳಗ ಒಯ್ಯಂಗಿಲ್ಲ. ಮಿರ್ಜಾನ್ ಮುಂಜಾನೆನ ಮುಗಿಸ್ರಿ, ಕೋಟೆ ಮ್ಯಾಲೆ ನೆರಳು ಕಡಿಮಿ. ಮುರ್ಡೇಶ್ವರದ ಹತ್ರ ಸಮುದ್ರದಾಗಿರೋ ನೇತ್ರಾಣಿ ದ್ವೀಪಾನೂ ಸೇರಸ್ತೀವಿ ಅಂದ್ರ ನಂಬಬ್ಯಾಡ್ರಿ, ಅದಕ್ಕ ಬ್ಯಾರೆ ದಿನಾನ ಬೇಕು.