ಕಾರಲ್ಲಿ 40 ಲೀಟರ್ ಕಂಪ್ರೆಸರ್ ಫ್ರಿಜ್: ಎಂಜಿನ್ ನಿಲ್ಲಿಸಿದ್ರೆ ಇ1 ತೋರಿಸಿ ಆಫ್ ಆಗುತ್ತೆ

ಹಾದಿಬುತ್ತಿ:
ಏಪ್ರಿಲ್‌ನಲ್ಲಿ ಬೆಂಗಳೂರಿಂದ ಹಂಪಿ ಕಡೆ, ಎರಡು ರಾತ್ರಿ ಟೆಂಟ್‌ನಲ್ಲಿ. ಫ್ರಿಜ್ 12 ವೋಲ್ಟ್, 45 ವ್ಯಾಟ್. ಕಾರಿನ ಬ್ಯಾಟರಿ 45 ಎಎಚ್ (ಆಂಪಿಯರ್-ಅವರ್). ಡಿಕ್ಕಿಯ ಸಾಕೆಟ್‌ಗೆ ಹಾಕಿದ್ರೆ ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಇ1 ಬಂದು ನಿಲ್ಲುತ್ತೆ. ಕಟ್-ಆಫ್ (ಬ್ಯಾಟರಿ ವೋಲ್ಟೇಜ್ ಎಷ್ಟಕ್ಕೆ ಇಳಿದ್ರೆ ಫ್ರಿಜ್ ತಾನಾಗೇ ನಿಲ್ಲಬೇಕು ಅನ್ನೋ ಸೆಟ್ಟಿಂಗ್) ಈಗ 'ಹೈ'ನಲ್ಲಿದೆ, 'ಲೋ'ಗೆ ಹಾಕ್ಲಾ? ಹಾಲು, ಮೊಸರು, ಮಸಾಲೆ ಹಚ್ಚಿದ ಚಿಕನ್ ಜತೆಗೆ ಅಮ್ಮನ ಇನ್ಸುಲಿನ್ ಕೂಡ ಅದರಲ್ಲೇ ಇಡಬೇಕು.

ತಾಮ್ರದ ತಂತಿ:
ದಯವಿಟ್ಟು 'ಲೋ'ಗೆ ಹಾಕ್ಬೇಡಿ. ಫ್ರಿಜ್ ಓಡುತ್ತೆ, ಬೆಳಗ್ಗೆ ಕಾರು ಸ್ಟಾರ್ಟ್ ಆಗಲ್ಲ. ಹಲವು ಫ್ರಿಜ್‌ಗಳಲ್ಲಿ ಇ1 ಅಂದ್ರೆ ವೋಲ್ಟೇಜ್ ಕಮ್ಮಿ ಅಂತ. ಬ್ಯಾಟರಿ ಚೆನ್ನಾಗಿದ್ರೂ ಅದು ಬರಬಹುದು, ಯಾಕಂದ್ರೆ ಡಿಕ್ಕಿಯ ಸಾಕೆಟ್‌ಗೆ ಬರೋ ತಂತಿ ಸಣ್ಣದು. 1.5 ಚದರ ಮಿ.ಮೀ. ತಂತಿ ಐದು ಮೀಟರ್ ಹೋಗಿ ವಾಪಸ್ ಬಂದ್ರೆ, 5 ಆಂಪಿಯರ್‌ಗೆ ಸುಮಾರು 0.6 ವೋಲ್ಟ್ ದಾರಿಯಲ್ಲೇ ಹೋಗುತ್ತೆ. ಬ್ಯಾಟರಿಯಲ್ಲಿ 12.3 ಇದ್ರೆ ಫ್ರಿಜ್‌ಗೆ ಕಾಣೋದು 11.7. ಪ್ಲಗ್ ಸಡಿಲ ಇದ್ರೆ ಇನ್ನೂ ಕಮ್ಮಿ, ಪ್ಲಗ್ ಬಿಸಿಯಾಗಿ ಕರಗೋದೂ ಅಲ್ಲೇ.

ಬ್ಯಾಟರಿಯಿಂದ ನೇರವಾಗಿ 4 ಅಥವಾ 6 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿ. 15 ಆಂಪಿಯರ್ ಫ್ಯೂಸ್ ಪಾಸಿಟಿವ್ ಟರ್ಮಿನಲ್‌ಗೆ ಒಂದು ಗೇಣು ದೂರದೊಳಗೇ ಇರಲಿ. ಫ್ಯೂಸ್ ಡಿಕ್ಕಿಯ ಕಡೆ ಹಾಕಿದ್ರೆ ಬಾನೆಟ್ ಒಳಗೆ ತಂತಿ ಉಜ್ಜಿ ಶಾರ್ಟ್ ಆದಾಗ ಅದರಿಂದ ಏನೂ ಪ್ರಯೋಜನ ಇಲ್ಲ. ಕಟ್-ಆಫ್ 'ಹೈ'ನಲ್ಲೇ ಇರಲಿ.

ಬಿಸಿಲುಸೀಮೆ:
ತಂತಿ ಸರಿಮಾಡಿದ್ರೂ ಎರಡು ದಿನಕ್ಕೆ ಕಾರಿನ ಬ್ಯಾಟರಿ ಸಾಲಲ್ಲ. ಹಂಪಿಯ ಏಪ್ರಿಲ್ ಬಿಸಿಲಲ್ಲಿ ಕಂಪ್ರೆಸರ್ ಸರಾಸರಿ ಅರ್ಧ ಹೊತ್ತು ಓಡುತ್ತೆ ಅಂತ ಇಟ್ಕೊಳ್ಳಿ: ದಿನಕ್ಕೆ 540 ವ್ಯಾಟ್-ಅವರ್, ಅಂದ್ರೆ 45 ಎಎಚ್. ಕಾರು ಸ್ಟಾರ್ಟ್ ಮಾಡೋ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯೋ ಹಾಗಿಲ್ಲ. ಬೇರೆ 12.8 ವೋಲ್ಟ್, 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ರೆ ಎರಡು ದಿನ ಆರಾಮ. ಅದರಿಂದ ಫ್ರಿಜ್‌ಗೆ ಪವರ್ ನೇರವಾಗಿ ಡಿಸಿಯಲ್ಲೇ ಕೊಡಿ. ಇನ್ವರ್ಟರ್ ಮೂಲಕ ಹೋದ್ರೆ ಸುಮ್ನೆ ನಷ್ಟ. ಹಗಲು ಆ ಬ್ಯಾಟರಿಯನ್ನ ಮುಚ್ಚಿದ ಕಾರಲ್ಲಿ ಬಿಸಿಲಿಗೆ ಬಿಡಬೇಡಿ.

ಹೊರಡೋ ಹಿಂದಿನ ರಾತ್ರಿ ಮನೆ ಕರೆಂಟಲ್ಲೇ ಫ್ರಿಜ್ ತಣ್ಣಗೆ ಮಾಡಿ, ಸಾಮಾನನ್ನೂ ತಣ್ಣಗಿರೋದನ್ನೇ ತುಂಬಿ. ಗಾಳಿ ಕಿಂಡಿ ಇರೋ ಬದಿ 10 ಸೆಂ.ಮೀ. ಜಾಗ ಬಿಡಿ, ಹಾಸಿಗೆ, ಬ್ಯಾಗು ಒತ್ತಿಟ್ರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರ್ ನಿಲ್ಲದೇ ಓಡುತ್ತೆ.

ಹಾದಿಬುತ್ತಿ:
ಬೇರೆ ಬ್ಯಾಟರಿ ಸಿಗದಿದ್ರೆ ರಾತ್ರಿ ಆಗಾಗ ಎಂಜಿನ್ ಆನ್ ಮಾಡಿ ಚಾರ್ಜ್ ಮಾಡ್ಬಹುದಾ? ಇನ್ಸುಲಿನ್ ಬಗ್ಗೆಯೂ ಹೇಳಿ.

ತಣ್ಣನೆ ಪೆಟ್ಟಿಗೆ:
ಟೆಂಟ್ ಪಕ್ಕ ಎಂಜಿನ್ ಓಡಿಸೋದು ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿರೋರಿಗೆ ಗೊತ್ತಾಗೋದೇ ಇಲ್ಲ. ಪೆಟ್ರೋಲ್ ಜನರೇಟರ್‌ಗೂ ಇದೇ ಮಾತು. ಹಗಲು ಸುತ್ತಾಡೋವಾಗ ಚಾರ್ಜ್ ಆಗಲಿ.

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಒಮ್ಮೆ ಹೆಪ್ಪುಗಟ್ಟಿದ್ರೆ ಕರಗಿದ ಮೇಲೆ ನೋಡೋಕೆ ಚೆನ್ನಾಗಿದ್ರೂ ಬಿಸಾಕಬೇಕು. ಡಿಸ್‌ಪ್ಲೇಯಲ್ಲಿ 4 ಅಂತ ಇದ್ದಾಗಲೂ ಈ ಫ್ರಿಜ್‌ಗಳ ಒಳಗೋಡೆಗೆ ತಾಗಿದ ವಸ್ತು ಸೊನ್ನೆಗಿಂತ ಕೆಳಗೆ ಹೋಗಬಹುದು. ಹಾಗಾಗಿ ಇನ್ಸುಲಿನ್ ಪೆನ್ನುಗಳನ್ನ ಬಟ್ಟೆ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲಿನ ಬುಟ್ಟಿಯ ನಡುವೆ ಇಡಿ. ಆ ಡಬ್ಬಿಯೊಳಗೇ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಹಾಕಿ, ಎರಡು ದಿನ ಮುಂಚೆ ಮನೆಯಲ್ಲೇ ಓಡಿಸಿ ನೋಡಿ. ಚಿಕನ್ ಗಟ್ಟಿ ಡಬ್ಬಿಯಲ್ಲಿ, ಕೆಳಗಡೆ. ಒಳಗೆ 4 ಡಿಗ್ರಿ ದಾಟಿ ಎರಡು ಗಂಟೆ ಆಯ್ತು ಅಂದ್ರೆ ಚಿಕನ್ ತಿನ್ಬೇಡಿ.

ಬಳಸ್ತಿರೋ ಪೆನ್ನಿಗೆ ಬೇರೆ ನಿಯಮ ಇರುತ್ತೆ. ಅದರ ಜತೆ ಬಂದ ಚೀಟಿ ಓದಿ, ಅಮ್ಮನ ಡಾಕ್ಟರ್ ಹತ್ರ ಒಂದು ಮಾತು ಕೇಳ್ಕೊಳ್ಳಿ.