ಹಾಲು ಕರೆಯುವವಳು ನಾನು, ಡೈರಿ ಪುಸ್ತಕ ಮಾವನದು

ಎರಡು_ಹಸು:
ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನ್ ಹೊತ್ತು ಡೈರಿಗೆ ಹೋಗುವವಳು ನಾನು. ಸಂಘದ ಸದಸ್ಯರು ಮಾತ್ರ ನಮ್ಮ ಮಾವ. ದುಡ್ಡು ಅವರ ಖಾತೆಗೆ ಬೀಳುತ್ತದೆ. ಒಂದು ಹಸು ನನ್ನ ತವರಿನವರು ಕೊಟ್ಟಿದ್ದು, ಆದರೂ ಹಿಂಡಿ ತರಲು ಮಾವನನ್ನೇ ಕೇಳಬೇಕು. ಸಹಕಾರ ಸಂಘ ಬಡವರಿಗೆ ಅಂತಾರೆ, ಮನೆಯೊಳಗಿನ ಬಡವರ ಕಥೆ ಏನು? ನನ್ನ ಹೆಸರಲ್ಲಿ ಸದಸ್ಯತ್ವಕ್ಕೆ ಕೇಳಬಹುದಾ?

ಹಳೇ_ಕಾರ್ಯದರ್ಶಿ:
ಧಾರಾಳವಾಗಿ ಕೇಳಿ ತಾಯಿ. ಅರ್ಜಿ ಕೊಡಿ, ಷೇರು ಹಣ ಕಟ್ಟಿ, ರಸೀದಿ ಬಿಡಬೇಡಿ. ಬ್ಯಾಂಕ್ ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇರಲಿ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಬರೆಯಬೇಕು ಅಂದ ಕೂಡಲೇ ಅರ್ಧ ಜನ ಮೆತ್ತಗಾಗುತ್ತಾರೆ!

ಗದಗಿನವ:
ನಮ್ಮ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದರು. ಸಹಕಾರದ ನಿಯಮ ಒಂದೇ: ಎರಡು ಹಸು ಇರಲಿ, ಇಪ್ಪತ್ತಿರಲಿ, ಸದಸ್ಯರಿಗೆ ಒಂದೇ ಓಟು. ಆದರೆ ಸದಸ್ಯರಾಗದಿದ್ದರೆ ಆ ಒಂದೂ ಇಲ್ಲ, ಅಲ್ವಾ?

ಮಹಿಳಾ_ಸಂಘದವಳು:
ನಮ್ಮೂರಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘವೇ ಇದೆ. ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡುವವಳೂ ಹೆಣ್ಣುಮಗಳೇ. ಸುಮ್ನೆ ಹೊಗಳಲ್ಲ. ಮೊದಲ ವರ್ಷ ಗಂಡಂದಿರು ಸಭೆಯ ಬಾಗಿಲಲ್ಲಿ ನಿಂತು ನಮ್ಮ ಪರವಾಗಿ ಅವರೇ ಮಾತಾಡುತ್ತಿದ್ದರು. ಒಂದು ದಿನ ಅಧ್ಯಕ್ಷೆ ಬಾಗಿಲು ಹಾಕಿಸಿದಳು. ದುಡ್ಡು ಕೈಗೆ ಬಂದ ಮೇಲೆ ಮನೆಯಲ್ಲಿ ಜಗಳ ಜಾಸ್ತಿಯೇ ಆಯಿತು, ಆಮೇಲೆ ತಣ್ಣಗಾಯಿತು.

ಎರಡು_ಹಸು:
ಮಾವನಿಗೆ ಹೇಳಿದೆ. "ಒಂದೇ ಮನೆಗೆ ಎರಡು ಪುಸ್ತಕ ಯಾಕೆ?" ಅಂದರು. ಅತ್ತೆ ಒಳಗಿನಿಂದ, "ಹಸುನೂ ಎರಡು ಇವೆಯಲ್ಲ" ಅಂದರು. ಸೋಮವಾರ ಅರ್ಜಿ ಕೊಡುತ್ತೇನೆ.