24 ದಿನದ ಕಾಶಿ–ಬದರಿ ಪ್ರವಾಸ: ಎಷ್ಟು ಬಟ್ಟೆ, ಎಲ್ಲಿ ಒಗೆಯೋದು, ಹೇಗೆ ಒಣಗಿಸೋದು?

ಪ್ರಶ್ನೆ (ತುಮಕೂರಿನಿಂದ)

ಮೇ ತಿಂಗಳ ರಜೆಯಲ್ಲಿ ಮನೆಯವರೆಲ್ಲ 24 ದಿನ ಹೊರಡ್ತಿದ್ದೇವೆ. ಬೆಂಗಳೂರಿಂದ ರೈಲಲ್ಲಿ ಕಾಶಿ, ಅಲ್ಲಿಂದ ಪ್ರಯಾಗ, ಅಯೋಧ್ಯೆ, ಆಮೇಲೆ ಹರಿದ್ವಾರ, ಋಷಿಕೇಶ, ಬದರಿನಾಥ. ವಾಪಸ್ ದೆಹಲಿ ಮೇಲೆ. ನಾವಿಬ್ಬರು, ನಮ್ಮತ್ತೆ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಅತ್ತೆ ಸೀರೆ ಬಿಟ್ಟು ಬೇರೆ ಉಡಲ್ಲ, ಪೂಜೆಗೆ ಮಡಿ ಬೇಕೇ ಬೇಕು. ದಿನಕ್ಕೊಂದು ಜೊತೆ ಅಂತ ಲೆಕ್ಕ ಹಾಕಿದ್ರೆ ಐದು ದೊಡ್ಡ ಸೂಟ್‌ಕೇಸ್ ಆಗುತ್ತೆ. ಎಷ್ಟು ಒಯ್ಯಬೇಕು, ಎಲ್ಲೆಲ್ಲಿ ಒಗೀಬೇಕು, ಹೊರಡೋ ಮುಂಚೆ ಮನೇಲಿ ಏನೇನು ಮುಗಿಸಬೇಕು? ತಿಳಿದವರು ವಿವರವಾಗಿ ಹೇಳಿ.

ತಿಪಟೂರಿನಿಂದ

ದಿನ ಎಣಿಸಬೇಡಿ. ಯಾವ ಊರಲ್ಲಿ ಒಗೆದದ್ದು ಒಣಗುತ್ತೆ, ಯಾವ ಊರಲ್ಲಿ ಒಣಗಲ್ಲ ಅಂತ ನೋಡಿ ಬಟ್ಟೆ ಎಣಿಸಿ. ಮೇ ತಿಂಗಳಲ್ಲಿ ಕಾಶಿ, ಪ್ರಯಾಗ, ಅಯೋಧ್ಯೆ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತೆ, ಒಣಗಾಳಿ ಬೀಸುತ್ತೆ. ಬೆಳಿಗ್ಗೆ ಹಾಕಿದ ತೆಳು ಹತ್ತಿ ಅಂಗಿ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಬದರಿನಾಥ 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೇ ತಿಂಗಳಲ್ಲೂ ರಾತ್ರಿ ಕೊರೆಯೋ ಚಳಿ, ಯಾವಾಗ ಬೇಕಾದ್ರೂ ಮಳೆ ಹನಿಯುತ್ತೆ. ಅಲ್ಲಿ ಕರ್ಚೀಫು ಕೂಡ ಒಗೆಯೋ ಯೋಚನೆ ಬೇಡ.

ಹಾಗಾಗಿ ಒಗೆಯೋ ಜಾಗಗಳು ಇವು. ಕಾಶಿಯಲ್ಲಿ ಎರಡು ಸಲ: ರೈಲಿಂದ ಇಳಿದು ಸ್ನಾನ ಮಾಡಿದ ದಿನವೇ ಒಮ್ಮೆ, ಯಾಕಂದ್ರೆ ಎರಡು ರಾತ್ರಿ ರೈಲಲ್ಲಿ ಹಾಕಿದ ಬಟ್ಟೆ ಬೆವರಿಗೆ ಹುಳಿ ನಾತ ಹೊಡೀತಿರುತ್ತೆ. ಮತ್ತೊಮ್ಮೆ ಕಾಶಿ ಬಿಡೋ ದಿನಕ್ಕೆ ಒಂದು ಪೂರ್ತಿ ದಿನ ಮುಂಚೆ. ಅಯೋಧ್ಯೆಯಲ್ಲಿ ಒಳ ಉಡುಪು ಮಾತ್ರ. ಹರಿದ್ವಾರದಲ್ಲಿ ಇರೋದನ್ನೆಲ್ಲ ಒಗೆದು, ಒಣ ಬಟ್ಟೆ ತಗೊಂಡೇ ಬೆಟ್ಟ ಹತ್ತಬೇಕು. ಇಳಿದು ಬಂದ ಮೇಲೆ ಋಷಿಕೇಶದಲ್ಲಿ ಮತ್ತೆ ಒಂದು ದೊಡ್ಡ ಒಗೆತ. ದೆಹಲಿಯಲ್ಲಿ ಏನೂ ಬೇಡ. ಬಸ್ಸು, ರೈಲು ಹೊರಡೋ ಹಿಂದಿನ ರಾತ್ರಿ ಯಾವ ಊರಲ್ಲೂ ಏನನ್ನೂ ನೆನೆಹಾಕಬೇಡಿ. ಬಹಳ ಮಂದಿ ತಪ್ಪೋದು ಇಲ್ಲೇ. ಅರೆ ಒಣಗಿದ ಒಂದು ಲಂಗ ಚೀಲದಲ್ಲಿ ಕೂತ್ರೆ ಸಾಕು, ಸುತ್ತಲಿನ ಬಟ್ಟೆಗೆಲ್ಲ ಮುಗ್ಗಲು ವಾಸನೆ ಹತ್ತುತ್ತೆ.

ಈ ಲೆಕ್ಕದಲ್ಲಿ ದೊಡ್ಡವರಿಗೆ ಮೈಮೇಲಿನದ್ದು ಸೇರಿ 5 ಮೇಲಂಗಿ, 3 ಪ್ಯಾಂಟು, 7 ಜೊತೆ ಒಳ ಉಡುಪು, ರಾತ್ರಿಗೆ 2 ಜೊತೆ ಸಾಕು. ಮಕ್ಕಳಿಗೆ 7 ಜೊತೆ, ಚಿಕ್ಕವರಿಗೆ ಚಡ್ಡಿ ಇನ್ನೂ ನಾಲ್ಕು ಜಾಸ್ತಿ. ಅತ್ತೆಯವರಿಗೆ 5 ಸೀರೆ, 5 ರವಿಕೆ, 4 ಲಂಗ. ಸೀರೆಯಲ್ಲಿ ಮೂರು ತೆಳು ಹತ್ತಿ, ಎರಡು ಸಿಂಥೆಟಿಕ್ ಇರಲಿ. ಬಿಸಿಲೂರಿಗೆ ಹತ್ತಿ, ರೈಲಿಗೂ ಬೆಟ್ಟಕ್ಕೂ ಸಿಂಥೆಟಿಕ್. ಪಾಲಿಯೆಸ್ಟರ್ ನೂಲು ತಾನು ನೀರು ಕುಡಿಯೋದಿಲ್ಲ, ನೀರು ಎಳೆಗಳ ನಡುವೆ ಮಾತ್ರ ನಿಂತಿರುತ್ತೆ, ಅದಕ್ಕೇ ಬೇಗ ಆರುತ್ತೆ. ಜೀನ್ಸ್ ಒಯ್ಯಬೇಡಿ. ಒಂದೊಂದು ಮುಕ್ಕಾಲು ಕೆಜಿ ತೂಗುತ್ತೆ, ಸೊಂಟಪಟ್ಟಿ ಮತ್ತು ಜೇಬು ಒಂದು ದಿನಕ್ಕೂ ಒಣಗಲ್ಲ.

ಸ್ಲೀಪರ್‌ಗೂ ಥರ್ಡ್ ಎಸಿಗೂ ತಲೆಗೆ 40 ಕೆಜಿ ತನಕ ಉಚಿತ ಅಂತ ರೈಲ್ವೆಯ ನಿಯಮ ಇದೆ. ಆದ್ರೆ 40 ಕೆಜಿ ಹೊತ್ತು ಮೇಲುಸೇತುವೆ ಹತ್ತೋರು ಯಾರು? ದೊಡ್ಡವರ ಚೀಲ ಒಂದೊಂದೂ 9–10 ಕೆಜಿ ಒಳಗೆ ನಿಲ್ಲಲಿ. ಎಸಿ ಬೋಗಿಯಾದ್ರೆ ಹೊದಿಕೆ, ದಿಂಬು ಕೊಡ್ತಾರೆ. ಸ್ಲೀಪರ್ ಆದ್ರೆ ತಲೆಗೊಂದು ತೆಳು ಬೆಡ್‌ಶೀಟ್ ನೀವೇ ಒಯ್ಯಬೇಕು.

ಕೋಲಾರದಿಂದ

ಲಾಡ್ಜ್ ಕೋಣೆಯಲ್ಲಿ ಒಗೆಯೋದರ ಬಗ್ಗೆ ಬರೀತೀನಿ. ಬೋರ್‌ವೆಲ್ ನೀರಲ್ಲೇ ಒಗೆಯೋ ನಮ್ಮೂರಿನವರಿಗೆ ನೀರಿನ ಗುಣ ನೋಡಿ ಪುಡಿ ಹಾಕೋದು ಅಭ್ಯಾಸ.

ಅರ್ಧ ಬಕೆಟ್ ನೀರಿಗೆ, ಅಂದ್ರೆ ಸುಮಾರು 8 ಲೀಟರ್‌ಗೆ, ಒಂದು ದೊಡ್ಡ ಚಮಚ ಪುಡಿ. ಮೊದಲು ಪುಡಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಿ. ಒಂದು ಬಕೆಟ್‌ಗೆ ನಾಲ್ಕೈದು ಬಟ್ಟೆಗಿಂತ ಹೆಚ್ಚು ತುರುಕಬೇಡಿ. 20 ನಿಮಿಷ ನೆನೆದರೆ ಸಾಕು. ರಾತ್ರಿಯಿಡೀ ಬಿಟ್ರೆ ಬಿಟ್ಟ ಕೊಳೆ ಮತ್ತೆ ಬಟ್ಟೆಗೇ ಕೂರುತ್ತೆ, ಆ ಸೆಖೆಗೆ ನೀರೇ ನಾರುತ್ತೆ. ಕಾಲರ್, ಕಂಕುಳು, ಪ್ಯಾಂಟಿನ ಅಂಚು ಇಷ್ಟನ್ನು ಕೈಯಲ್ಲಿ ಉಜ್ಜಿ, ಎರಡು ನೀರಲ್ಲಿ ಜಾಲಿಸಿ. ಎರಡನೇ ನೀರಲ್ಲೂ ನೊರೆ ಉಳಿದ್ರೆ ಪುಡಿ ಜಾಸ್ತಿ ಆಗಿದೆ ಅಂತ ಅರ್ಥ, ಮುಂದಿನ ಸಲ ಅರ್ಧ ಚಮಚಕ್ಕೆ ಇಳಿಸಿ. ಉಳಿದ ಪುಡಿ ಬೆವರಿಗೆ ಕರಗಿ ಕಂಕುಳಲ್ಲಿ, ತೊಡೆ ಸಂದಿಯಲ್ಲಿ ನವೆ ತರುತ್ತೆ. ಮಕ್ಕಳಿಗಂತೂ ಬೇಗ.

ನೊರೆಯೇ ಬರಲಿಲ್ಲ ಅಂದ್ರೆ ಗಡಸು ನೀರು. ಅಂಥ ನೀರಿಗೆ ಸಾಬೂನಿನ ಬಿಲ್ಲೆ ಹಾಕಿದ್ರೆ ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಬಟ್ಟೆಗೆ ಅಂಟುತ್ತೆ. ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗೋದು, ಟವೆಲ್ ಹಪ್ಪಳದ ಹಾಗೆ ಆಗೋದು ಇದರಿಂದಲೇ. ಮೊದಲು ಒಂದು ಚಿಕ್ಕ ಚಮಚ ಬಟ್ಟೆ ಸೋಡಾ ಕರಗಿಸಿ, ಐದು ನಿಮಿಷ ಬಿಟ್ಟು ಪುಡಿ ಹಾಕಿ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಮುಟ್ಟಿಸಬೇಡಿ.

ಹಿಂಡೋ ಕ್ರಮ ಮುಖ್ಯ. ಕೈಯಲ್ಲಿ ಹಿಂಡಿದ ಬಟ್ಟೆಯನ್ನ ಒಣ ಟವೆಲ್ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಮೊಣಕೈ ಊರಿ ಈ ತುದಿಯಿಂದ ಆ ತುದಿಗೆ ಅದುಮಿ. ಟವೆಲ್ ತೊಪ್ಪೆ ಆಗುತ್ತೆ, ಬಟ್ಟೆ ಬರೀ ತಣ್ಣಗೆ ಉಳಿಯುತ್ತೆ. ಒಣಗೋ ಹೊತ್ತು ಅರ್ಧಕ್ಕರ್ಧ ಇಳಿಯುತ್ತೆ. ಇದಕ್ಕೆ ದಪ್ಪ ಟರ್ಕಿ ಟವೆಲ್ ಬೇಡ, ಅದು ಒಣಗೋದೇ ಇನ್ನೊಂದು ಫಜೀತಿ. ನಮ್ಮ ಕಡೆ ಹೆಗಲ ಮೇಲೆ ಹಾಕ್ಕೊಳ್ಳೋ ತೆಳು ಹತ್ತಿ ಚೌಕ ತಲೆಗೆರಡು ಒಯ್ಯಿರಿ. ಮೈ ಒರೆಸೋಕೂ ಅದೇ, ಹಿಂಡೋಕೂ ಅದೇ, ಬಿಸಿಲಲ್ಲಿ ತಲೆಗೂ ಅದೇ.

5 ಮೀಟರ್ ನೈಲಾನ್ ಹಗ್ಗ ತಗೊಂಡು ಎರಡೆಳೆಯಾಗಿ ಮಡಿಸಿ ಹುರಿ ಹಾಕಿ, ಎರಡು ತುದಿಗೂ ಕೊಕ್ಕೆ ಕಟ್ಟಿ. ಎರಡೆಳೆಯ ಸಂದಿಗೆ ಬಟ್ಟೆ ಮೂಲೆ ಸಿಕ್ಕಿಸಿದ್ರೆ ಕ್ಲಿಪ್ ಬೇಕಿಲ್ಲ. ಕಿಟಕಿ ಸರಳಿಗೆ, ಬಾಗಿಲ ಚಿಲಕಕ್ಕೆ ಕಟ್ಟಿ. ಫ್ಯಾನಿಗೆ, ವೈರಿಗೆ, ಎಸಿಗೆ ಬೇಡ. ಬಟ್ಟೆ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಫ್ಯಾನ್ ಹಾಕಿ. ಲಂಗದ ಲಾಡಿ ಪಟ್ಟಿ ಎಲ್ಲಕ್ಕಿಂತ ಕೊನೆಗೆ ಒಣಗುತ್ತೆ, ಅದನ್ನ ಮೇಲಕ್ಕೆ ಮಾಡಿ ಬಾಯಿ ಅಗಲಿಸಿ ತೂಗು ಹಾಕಿ, ಪ್ಯಾಂಟು ಒಳಮೈ ಹೊರಗೆ ಮಾಡಿ. ಮಡಚೋ ಮುಂಚೆ ಲಾಡಿ ಪಟ್ಟಿ, ಸೊಂಟಪಟ್ಟಿ, ಜೇಬಿನ ತಳ ಮೂರನ್ನೂ ಕೆನ್ನೆಗೆ ಒತ್ತಿ ನೋಡಿ. ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ತಣ್ಣಗೆ ತಿಳಿಯುತ್ತೆ.

ಪುಡಿ 250 ಗ್ರಾಂ ಸಾಕು, ಎರಡು ಜಿಪ್ ಕವರ್ ಒಳಗೆ. ಖಾಲಿಯಾದ್ರೆ ಚಿಕ್ಕ ಪ್ಯಾಕೆಟ್ ಎಲ್ಲ ಊರಲ್ಲೂ ಸಿಗುತ್ತೆ.

ಶಿಡ್ಲಘಟ್ಟದಿಂದ

ಅತ್ತೆಯವರ ಮಡಿ ಬಗ್ಗೆ. ದಿನಾ ಒಗೆದ ಹತ್ತಿ ಸೀರೆಯನ್ನೇ ಮಡಿಗೆ ಇಟ್ಕೋಬೇಕು ಅಂದ್ರೆ ಕಷ್ಟ, ಬೆಟ್ಟದ ಮೇಲಂತೂ ಆಗೋದೇ ಇಲ್ಲ. ಹಿಂದಿನಿಂದಲೂ ಪ್ರವಾಸಕ್ಕೆ ಪಟ್ಟೆ ಸೀರೆ, ಮಗುಟ (ರೇಷ್ಮೆ ಪಂಚೆ) ಇವನ್ನೇ ಮಡಿಗೆ ಒಯ್ಯೋದು. ಅತ್ತೆಯವರನ್ನ ಕೇಳಿ ನೋಡಿ, ಬಹುಶಃ ಒಪ್ಪುತ್ತಾರೆ. ಜರಿ ಕಡಿಮೆ ಇರೋ ಹಗುರವಾದ ಹಳೇ ರೇಷ್ಮೆ ಸೀರೆ ಒಂದೇ ಸಾಕು. ಅದಕ್ಕೆ ಬೇರೆ ಹತ್ತಿ ಚೀಲ ಹೊಲಿಸಿ, ಆ ಚೀಲ ಅವರೊಬ್ಬರೇ ಮುಟ್ಟಲಿ. ಪೂಜೆ ಆದ ಕೂಡಲೇ ಮಡಚಬೇಡಿ, ಫ್ಯಾನ್ ಗಾಳಿಗೆ ಅರ್ಧ ಗಂಟೆ ಹರವಿ ಬೆವರು ಆರಿಸಿ. ಬೆವರಿನ ಉಪ್ಪು ನಿಂತ್ರೆ ಜರಿ ಕಪ್ಪಾಗುತ್ತೆ, ಕಂಕುಳ ಕಡೆ ರೇಷ್ಮೆ ಪಿಸಿಯುತ್ತೆ.

ಒಗೆಯಲೇಬೇಕಾದ್ರೆ ಅಂಟುವಾಳ ಕಾಯಿ. ಬೀಜ ತೆಗೆದ ಎಂಟು ಕಾಯಿ ಸಿಪ್ಪೆ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಸೇರಿಸಿ. ಐದು ನಿಮಿಷ ಅದ್ದಿ ಎತ್ತಿ, ತಣ್ಣೀರಲ್ಲಿ ಜಾಲಿಸಿ, ಹಿಂಡದೆ ಚೌಕದಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಕಿ. ಮಾಮೂಲಿ ಪುಡಿ ಯಾಕೆ ಬೇಡ ಅಂದ್ರೆ, ನಮ್ಮೂರ ರೀಲಿಂಗ್‌ನಲ್ಲಿ, ಅಂದ್ರೆ ರೇಷ್ಮೆ ಗೂಡಿಂದ ನೂಲು ಬಿಚ್ಚುವಾಗ, ಗೂಡಿನ ಅಂಟು ಸಡಿಲ ಆಗೋದು ಬಿಸಿನೀರಿಗೆ. ಉಳಿದ ಅಂಟನ್ನ ಆಮೇಲೆ ಸೋಪು, ಸೋಡಾದಲ್ಲಿ ಕುದಿಸಿ ತೆಗೀತಾರೆ. ಅಂಟು ಹೋದ ಸೀರೆಗೆ ಮತ್ತೆ ಕ್ಷಾರ ಇರೋ ಒಗೆಯೋ ಪುಡಿ ಹಾಕಿದ್ರೆ ಅದು ತಿನ್ನೋದು ನೂಲನ್ನೇ. ಅದರ ಮೇಲೆ ಈಗಿನ ಬಹಳಷ್ಟು ಪುಡಿಗಳಲ್ಲಿ ಪ್ರೋಟೀನ್ ಕರಗಿಸೋ ಎನ್‌ಜೈಮ್ ಇರುತ್ತೆ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನ್ ನೂಲುಗಳು. ಸ್ವೆಟರ್‌ಗೂ ಇದೇ ಮಾತು.

ಚಳಿಗೆ ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ಒಳ್ಳೇದು: ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ, ಹನಿ ತಡೆಯೋ ತೆಳು ಜಾಕೆಟ್. ಮೈಗೆ ತಗಲೋ ಪದರ ಹತ್ತಿದಾದ್ರೆ ಬೆವರು ಹಿಡಿದಿಟ್ಟು ನಿಂತ ಕೂಡಲೇ ನಡುಕ ಬರುತ್ತೆ. ಉಣ್ಣೆ ಕಾಲುಚೀಲ ತಲೆಗೆ ಎರಡು ಜೊತೆ, ಕಿವಿ ಮುಚ್ಚೋ ಟೋಪಿ. ಅತ್ತೆಯವರಿಗೆ ಸೀರೆ ಒಳಗೆ ಲಂಗದ ಬದಲು ಥರ್ಮಲ್ ಪ್ಯಾಂಟು ಹಾಕಿಸಿ, ಮೇಲೊಂದು ಶಾಲು. ಬದರಿಯಲ್ಲಿ ತಪ್ತಕುಂಡದ ಬಿಸಿನೀರಲ್ಲಿ ಸ್ನಾನ ಮಾಡ್ತೀರಿ. ಆ ಒದ್ದೆ ಬಟ್ಟೆಗೆ ಮಾತ್ರ ದಪ್ಪ ಪ್ಲಾಸ್ಟಿಕ್ ಕವರ್ ಇರಲಿ, ರಾತ್ರಿ ತಂಗೋ ಕಡೆ ತೆಗೆದು ಹರವಿ. ಬೇರೆ ಯಾವ ಮಾಸಿದ ಬಟ್ಟೆಗೂ ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲವೇ ಆಗಲಿ.

ಚಿಂತಾಮಣಿಯಿಂದ

ಲಾಡ್ಜಿನವರ ಕೈಗೆ ಒಗೆಯೋಕೆ ಕೊಡೋದಾದ್ರೆ ಬೆಡ್‌ಶೀಟ್, ಪ್ಯಾಂಟಿನಂಥ ದಪ್ಪ ಬಟ್ಟೆ ಮಾತ್ರ ಕೊಡಿ. ಹಾಸಿಗೆ ಮೇಲೆ ಹರವಿ ಫೋಟೋ ತೆಗೆದು, ಎಣಿಸಿ ಚೀಟಿ ಬರೆಸಿಕೊಳ್ಳಿ. ದರ ಬಟ್ಟೆಗೊಂದರಂತೆಯೋ, ಕೆಜಿ ಲೆಕ್ಕವೋ ಮೊದಲೇ ಕೇಳಿ. ಯಾತ್ರೆ ಕಾಲದಲ್ಲಿ ಸಂಜೆಗೆ ಅಂದದ್ದು ಮರುದಿನ ಬರುತ್ತೆ, ಊರು ಬಿಡೋಕೆ ಎರಡು ದಿನ ಇರುವಾಗ ಮಾತ್ರ ಕೊಡಿ. ಬಣ್ಣ ಬಿಡೋ ಬಟ್ಟೆ ಹಾಕಲೇಬೇಡಿ. ಬಣ್ಣ ಬಿಡುತ್ತೋ ಅಂತ ತಿಳಿಯೋಕೆ ಹೊಲಿಗೆಯ ಒಳ ಅಂಚಿಗೆ ಒದ್ದೆ ಬಿಳಿ ಬಟ್ಟೆ ಒತ್ತಿ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅಂತಾರೆ, ಅಂಗಡಿಯಿಂದ ತಂದ ಬಟ್ಟೆಗೆ ಅದರಿಂದ ಏನೂ ಆಗಲ್ಲ. ಬಣ್ಣ ಹಿಡಿಸೋ ಕೆಲಸ ಅದ್ದುವಾಗಲೇ ಮುಗಿದಿರುತ್ತೆ.

ಮತ್ತೆ ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ಧನ್ಯವಾದ. ಚಿಕ್ಕವನಿಗೆ ಘಾಟ್ ರಸ್ತೆಯಲ್ಲಿ ವಾಂತಿ ಆಗುತ್ತೆ. ಋಷಿಕೇಶದಿಂದ ಬದರಿಗೆ 300 ಕಿಮೀ ಹತ್ತಿರ ಬೆಟ್ಟದ ದಾರಿ. ಅದಕ್ಕೇನು ಮಾಡೋದು? ಊಟದ ಅರಿಶಿನದ ಕಲೆಗೂ ಹೇಳಿ.

ಕೋಲಾರದಿಂದ

ಎರಡು ಜೊತೆ ಬಟ್ಟೆ ಡಿಕ್ಕಿಯಲ್ಲಿ ಬೇಡ, ಕಾಲ ಬಳಿ ಕೈಚೀಲದಲ್ಲಿರಲಿ. ಮುಂದೆ ಗುಂಡಿ ಇರೋ ಅಂಗಿ ಹಾಕಿ. ತಲೆ ಮೇಲಿಂದ ತೆಗೆಯೋ ಟೀ ಶರ್ಟಾದ್ರೆ ಮುಖ, ಕೂದಲಿಗೆಲ್ಲ ಬಳಿಯುತ್ತೆ. ತೊಡೆ ಮೇಲೆ ಒಂದು ಹಳೇ ಚೌಕ ಹಾಸಿ. ಆದ ಕೂಡಲೇ ಗಟ್ಟಿ ಭಾಗ ಕಾಗದದಲ್ಲಿ ಕೆರೆದು, ಬಾಟಲಿಯ ತಣ್ಣೀರನ್ನ ಬಟ್ಟೆಯ ಹಿಂಬದಿಯಿಂದ ಹುಯ್ಯಿರಿ. ಬಿಸಿನೀರು ಹಾಕಿದ್ರೆ ಹಾಲಿನಂಶ ಬೆಂದು ಕೂರುತ್ತೆ. ರಕ್ತದ ಕಲೆಗೂ ತಣ್ಣೀರೇ. ತಂಗೋ ಜಾಗದಲ್ಲಿ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಜಾಲಿಸಿದ್ರೆ ಹುಳಿ ವಾಸನೆ ಹೋಗುತ್ತೆ. ಆ ಒಂದು ಅಂಗಿ ರಾತ್ರಿಗೆ ಒಣಗದಿದ್ರೂ ಒದ್ದೆಯಾಗಿ ಬೇರೆ ಕವರಲ್ಲಿ ಹೋಗಲಿ, ಕೊಳೆ ಕೂರೋದಕ್ಕಿಂತ ಮೇಲು.

ಅರಿಶಿನಕ್ಕೆ ಸೋಪು ಹಚ್ಚಿದ ಕೂಡಲೇ ಕಲೆ ರಕ್ತದ ಹಾಗೆ ಕೆಂಪಾಗುತ್ತೆ. ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅದು ಹಾಗೆ ತಿರುಗೋದು, ಜಾಲಿಸಿದ್ರೆ ಮತ್ತೆ ಹಳದಿ. ಎಣ್ಣೆ ಅಂಶ ಹೋಗೋ ಹಾಗೆ ತೊಳೆದು ನೇರ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯೋದಿಲ್ಲ, ಕಾಶಿ ಬಿಸಿಲಲ್ಲಿ ಒಂದೆರಡು ದಿನಕ್ಕೆ ತಾನೇ ಮಾಯ.

ತುಮಕೂರು, ಎಸ್.ಎಸ್. ಪುರಂನಿಂದ

ಮನೆ ಕಡೆಯದು ಯಾರೂ ಹೇಳಿಲ್ಲ. ಕೊನೆಯ ಒಗೆತ ಹೊರಡೋಕೆ ಎರಡು ದಿನ ಮುಂಚೆ ಮುಗೀಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಗುಡುಗು ಮಳೆ ಯಾವತ್ತು ಬೀಳುತ್ತೋ ಹೇಳೋಕಾಗಲ್ಲ, ತಾರಸಿ ಮೇಲಿನದ್ದು ನೆನೆದ್ರೆ ಮತ್ತೆ ಒಣಗಿಸೋಕೆ ಒಂದು ದಿನ ಕೈಯಲ್ಲಿರಲಿ. ಇಸ್ತ್ರಿಯವರಿಗೆ ಕೊಟ್ಟದ್ದು ಹಿಂದಿನ ದಿನ ಬೆಳಿಗ್ಗೆಯೇ ಮನೆ ಸೇರಬೇಕು. ಬಿಸಿ ಬಿಸಿ ಇಸ್ತ್ರಿ ಬಟ್ಟೆಯಲ್ಲಿ ಹಬೆ ಇರುತ್ತೆ, ಹಾಗೇ ಚೀಲಕ್ಕೆ ತುಂಬಿದ್ರೆ ಮುಗ್ಗುತ್ತೆ. ಎರಡು ಗಂಟೆ ಹರವಿಡಿ.

ಹೊರಡೋ ದಿನ ಕಳಚಿದ ಬಟ್ಟೆ, ಒದ್ದೆ ಟವೆಲ್, ಅಡುಗೆಮನೆಯ ಒರೆಸೋ ಬಟ್ಟೆ, ಬಚ್ಚಲ ಕಾಲೊರೆಸು ಇವು ನಾಲ್ಕೇ ಬೂಷ್ಟು ಹಿಡಿಯೋದು. ಬುಟ್ಟಿಯಲ್ಲಿ ಬಿಡಬೇಡಿ, ಬರೀ ನೀರಲ್ಲಿ ಜಾಲಿಸಿ ಕೋಣೆ ಒಳಗೆ ಹಗ್ಗದ ಮೇಲೆ ಅಗಲವಾಗಿ ಹಾಕಿ ಹೋಗಿ. ವಾಷಿಂಗ್ ಮಷೀನಿನ ನಲ್ಲಿ ತಿರುಗಿಸಿ ನಿಲ್ಲಿಸಿ, ಪ್ಲಗ್ ಕೀಳಿ. ಮುಂಬಾಗಿಲಿನ ಮಷೀನಾದ್ರೆ ರಬ್ಬರ್ ಮಡಿಕೆ ಒಳಗೆ ಬೆರಳಿಟ್ಟು ಒರೆಸಿ, ಅಲ್ಲಿ ನೀರು, ಕೂದಲು ನಿಂತಿರುತ್ತೆ. ಪುಡಿ ಡಬ್ಬಿ ಎಳೆದು ತೊಳೆದು ಹೊರಗಿಡಿ, ಬಾಗಿಲು ನಾಲ್ಕು ಬೆರಳು ತೆರೆದಿರಲಿ. ಬೀರುವಿಗೆ ನುಸಿಗುಳಿಗೆ ಹಾಕೋದಾದ್ರೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗೆ, ಸೀರೆಗೆ ತಗಲಬಾರದು.

ವಾಪಸ್ ಬಂದಾಗ ಚೀಲಗಳನ್ನ ಮಂಚದ ಮೇಲೆ ಇಡಬೇಡಿ. ಲಾಡ್ಜಿನ ತಿಗಣೆ ಹೊಲಿಗೆ, ಜಿಪ್ಪಿನ ಸಂದಿಯಲ್ಲಿ ಕೂತು ಬರುತ್ತೆ. ಅಂಗಳದಲ್ಲೇ ಬಿಚ್ಚಿ ಕೊಡವಿ, ಹತ್ತಿಯದನ್ನೆಲ್ಲ ಮಷೀನಿನ 60 ಡಿಗ್ರಿ ಬಿಸಿನೀರಿಗೆ ಹಾಕಿ. ಒಗೆದದ್ದು, ಒಗೆಯದ್ದು ಎಲ್ಲವನ್ನೂ. ಆ ಬಿಸಿಗೆ ತಿಗಣೆಯೂ ಮೊಟ್ಟೆಯೂ ಸಾಯುತ್ತೆ. ಚೀಲದ ಜಿಪ್ಪಿನ ಉದ್ದಕ್ಕೂ ಹಳೇ ಹಲ್ಲುಜ್ಜೋ ಬ್ರಷ್ ಆಡಿಸಿ, ಆಮೇಲೆ ಅಟ್ಟಕ್ಕೆ ಹಾಕಿ.